ಥ್ಯಾಂಕ್ಯೂ ಆದ ಮೇಲೆ

ಎರ್ಮೀನಿಯಾಳ ಸಿನಿಮಾಗಳಲ್ಲಿ ಬಡವರು ಎಷ್ಟು ಚೆನ್ನಾಗಿ ಕಾಣುತ್ತಾರಲ್ಲ ಎಂದು ಹಲ್ಲುಜ್ಜುತ್ತ ಯೋಚಿಸುತ್ತಿದ್ದ ಅಮಿತಾಳಿಗೆ ನಗು ಬಂದು, ಪೇಸ್ಟಿನ ನೊರೆ ಗಂಟಲಿಗಿಳಿದು ಕೆಮ್ಮು ಹತ್ತಿತು. ಒಬ್ಬರ ಮುಖದ ಮೇಲಾದರೂ ನಡುಮಧ್ಯಾಹ್ನದ ಬಿಸಿಲು ಬಿದ್ದದ್ದುಂಟೆ? ಎಲ್ಲ ಸಂಜೆಯ ಬಿಸಿಲು. ಕಬ್ಬು ಕಡಿಯುವವನ ಬೆವರಿಗೂ ಒಂದು ಹೊಳಪು, ಅಣೆಕಟ್ಟಿನಲ್ಲಿ ಮನೆ ಮುಳುಗಿಸಿಕೊಂಡ ಮುದುಕಿಯ ಸುಕ್ಕಿಗೂ ಒಂದು ಅಂದ. ಮೂರು ದಶಕಗಳಿಂದ ಆ ಹೆಂಗಸು ಬ್ರೆಜಿಲ್ಲಿನ ಬಡತನವನ್ನು ಹೀಗೆ ಹದವಾದ ಬಿಸಿಲಿನಲ್ಲಿ ಒಣಗಿಸಿ ಯುರೋಪಿಗೂ ನ್ಯೂಯಾರ್ಕಿಗೂ ಹೊತ್ತು ತಂದಿದ್ದಳು. ಸಿನಿಮಾ ಸಾಲದೆಂದು ಪುಸ್ತಕಗಳನ್ನೂ ಬರೆದಿದ್ದಳು. ಇವತ್ತು ಮಧ್ಯಾಹ್ನ ಮ್ಯಾನ್‌ಹಟನ್ನಿನ ಒಂದು ಚಿತ್ರಮಂದಿರದಲ್ಲಿ, ಡಾಕ್ಯುಮೆಂಟರಿ ನಿರ್ದೇಶಕಿ ಮತ್ತು ಲೇಖಕಿ ಎರ್ಮೀನಿಯಾ ಬ್ರಾಗಾ ಅವರ ಸಮಗ್ರ ಸಾಧನೆಯ ಉತ್ಸವ. ಮೊದಲ ದಿನ ಅವರ ಮೊದಲ ಸಿನಿಮಾ, 'ಕಲ್ಲಿನ ಮೇಲಿನ ಬಟ್ಟೆ'. ಅದರ ಹಳೆಯ ರೀಲುಗಳ ಗೀರು ತೆಗೆದು, ದನಿ ಜೋಡಿಸಿ, ಇಂಗ್ಲಿಷ್ ಸಬ್‌ಟೈಟಲ್ ಬರೆದು ಹೊಸದು ಮಾಡಿಕೊಟ್ಟವಳು ಎಡಿಟರ್ ಅಮಿತಾ. ಸಮಗ್ರ ಸಾಧನೆಯಲ್ಲಿ ಅವಳ ಹೆಸರು ಕೊನೆಯ ಟೈಟಲ್ಲಿನಲ್ಲಿ, ಊಟ ತಂದುಕೊಟ್ಟವರಿಗಿಂತ ತುಸು ಮೇಲೆ ಬರುತ್ತದೆ. ಆ ಹೊತ್ತಿಗೆ ಜನ ಕೋಟು ಹಾಕಿಕೊಳ್ಳುತ್ತಿರುತ್ತಾರೆ.

ಇವತ್ತು ಹಾಕಿಕೊಳ್ಳುವುದಿಲ್ಲ. ಇವತ್ತು ಟೈಟಲ್ ಆದ ಮೇಲೆ ಇನ್ನೂ ಸ್ವಲ್ಪ ಉಂಟು. ಅದನ್ನು ಜೋಡಿಸಿದವಳೂ ಅಮಿತಾಳೇ, ಎರ್ಮೀನಿಯಾಳನ್ನು ಒಂದು ಮಾತೂ ಕೇಳದೆ. ಫೈಲು ಚಿತ್ರಮಂದಿರಕ್ಕೆ ತಲುಪಿ ಒಂದು ವಾರವಾಯಿತು. ಈಗಲೂ ಒಂದು ಫೋನು ಮಾಡಿ, ತಪ್ಪು ಫೈಲು ಬಂದಿದೆ, ಬೇರೆ ಕಳಿಸುತ್ತೇನೆ ಎನ್ನಬಹುದು. ಬಾಯಿ ಮುಕ್ಕಳಿಸುತ್ತ ಅವಳು ಅದನ್ನೇ ಯೋಚಿಸಿದಳು, ಎನ್ನುವುದಿಲ್ಲ ಎಂದುಕೊಂಡಳು, ಅಷ್ಟರಲ್ಲಿ ಫೋನೇ ಹೊಡೆದುಕೊಂಡಿತು. ನ್ಯೂಯಾರ್ಕಿನ ಹೊರವಲಯದ ಹಿಕ್ಸ್‌ವಿಲ್ಲಿನಿಂದ ಅಮ್ಮ.

"ನಾನು ಎಂತ ಉಡುದು ಮಾರಾಯ್ತಿ? ನೇರಳೆ ಪಟ್ಟೆ ಉಂಟಲ್ಲ, ಅದಾ? ಅಲ್ಲ, ಈ ಚಳಿಗೆ ಪ್ಯಾಂಟೇ ಹಾಕುದಾ?"

"ಇದು ವೆಡ್ಡಿಂಗ್ ಅಲ್ಲ ಅಮ್ಮ. ನಿಂಗೆ ಬೋರ್ ಆಗ್ತದೆ. ಇಡೀ ಸಿನಿಮಾ ಬಟ್ಟೆ ಒಗೆಯುದು, ಅಷ್ಟೇ."

"ನಾನು ಜೀವಮಾನ ಇಡೀ ಮಾಡಿದ್ದು ಅದನ್ನೇ ಅಲ್ವಾ? ನಂಗೆಂತ ಬೋರು?"

"ವೀಕೆಂಡ್ ಟ್ರೈನ್ ಅಮ್ಮ, ಲೇಟ್ ಇರ್ತದೆ. ನಂಗೆ ಅಲ್ಲಿ ಕೆಲಸ ಉಂಟು. ನಿನ್ನನ್ನು ನೋಡ್ಕೊಳ್ಳಿಕ್ಕೆ ಆಗುದಿಲ್ಲ."

"ನನ್ನನ್ನು ನೋಡ್ಕೊಳ್ಳುದೆಂತ, ನಾನೇನು ಸಣ್ಣ ಮಗುವಾ? ಒಂದು ಬದಿಯಲ್ಲಿ ಕೂತ್ಕೊಳ್ತೇನೆ. ನಿನ್ನ ಹೆಸರು ಬರ್ತದೆ ಅಲ್ವಾ, ಅದನ್ನು ನೋಡಿ ಬರ್ತೇನೆ."

ಬರಬೇಡ ಎಂಬುದನ್ನು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಹೇಳಿ ಆಗಿತ್ತು, ಬರಬೇಡ ಎಂದು ಮಾತ್ರ ಹೇಳಿರಲಿಲ್ಲ. ಹಾಗೆ ಹೇಳುವಷ್ಟು ಕೆಟ್ಟವಳಲ್ಲ ತಾನು ಎಂದು ಅಮಿತಾಳಿಗೆ ತನ್ನ ಬಗ್ಗೆ ಒಂದು ನಂಬಿಕೆಯಿತ್ತು. ಅಮ್ಮ ಸರೋಜಿನಿಯನ್ನು ಹಿಕ್ಸ್‌ವಿಲ್ಲಿನಲ್ಲಿ ಎಲ್ಲರೂ ಬಲ್ಲರು. ಸ್ಟೇಷನ್ನಿನ ಹತ್ತಿರದ ಅಂಗಡಿಗಳಿಗೆ ಇಡ್ಲಿ ಹಿಟ್ಟು, ಚಕ್ಕುಲಿ, ಉಪ್ಪಿನಕಾಯಿ ಮಾಡಿ ಕೊಡುತ್ತಾಳೆ; ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುವ ಹುಡುಗರು ಸಂಜೆ ರೈಲಿಳಿದು ಅವಳ ಡಬ್ಬಿ ಒಯ್ಯುತ್ತಾರೆ. ಅವಳಿಗೆ ಯಾರ ಹಂಗೂ ಇಲ್ಲ, ಯಾರ ಹೆದರಿಕೆಯೂ ಇಲ್ಲ, ದನಿಯಂತೂ ಬೀದಿಯ ಆಚೆ ಬದಿಗೂ ಕೇಳುತ್ತದೆ. ಅದೇ ತೊಂದರೆ. ಚಿತ್ರಮಂದಿರದ ಹಜಾರದಲ್ಲಿ ಕಪ್ಪು ಬಟ್ಟೆ ತೊಟ್ಟು ಪಿಸುಮಾತಾಡುವ ಜನರ ನಡುವೆ ಆ ದನಿ ಎದ್ದರೆ ಹೇಗಿರುತ್ತದೆಂದು ಊಹಿಸಿದ್ದೇ ಅಮಿತಾಳಿಗೆ ಇರುಸುಮುರುಸಾಯಿತು. ಊಹಿಸಿದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯಾದದ್ದಕ್ಕೆ ಅಮ್ಮನ ಮೇಲೆ ಸಿಟ್ಟು ಬಂತು.

ಸೀಕಾಕಸ್ಸಿನ ಸ್ಟೇಷನ್ನಿನಲ್ಲಿ ರೈಲು ಕಾಯುತ್ತ ಅವಳು ಉತ್ಸವದ ಕರಪತ್ರವನ್ನು ಫೋನಿನಲ್ಲಿ ತೆರೆದಳು. ತನ್ನ ಬಗ್ಗೆ ಬರೆದ ಸಾಲುಗಳನ್ನು ಎಷ್ಟನೆಯ ಸಲವೋ ಓದಿದಳು. ಕಾರ್ಯಕ್ರಮದ ಉಸ್ತುವಾರಿ ಹೊತ್ತ ಆನ್ಯಾ ಎಂಬ ಹುಡುಗಿ ಫೋನು ಮಾಡಿ, ನಿಮ್ಮ ಹಿನ್ನೆಲೆ ಏನು ಎಂದು ಕೇಳಿದ್ದಳು. ಆನ್ಯಾ ಇಲ್ಲೇ ಹುಟ್ಟಿದವಳು, ತಂದೆ ಮೈಸೂರಿನವರಂತೆ. ಕನ್ನಡ ಒಂದಕ್ಷರ ಬಾರದು. ಬಾರದ್ದನ್ನು ಒಂದು ಒಡವೆಯ ಹಾಗೆ ಧರಿಸಿಕೊಂಡು ಓಡಾಡುತ್ತಾಳೆ, ನನ್ನ ನೆಲೆ ಕಳೆದುಹೋಯಿತು ಎಂದು ಸಭೆಗಳಲ್ಲಿ ಹೇಳುತ್ತಾಳೆ. ಅವಳಿಗೆ ಅಮಿತಾ, ನಮ್ಮದು ಹೋಟೆಲ್ ಉದ್ಯಮದ ಕುಟುಂಬ ಎಂದಿದ್ದಳು. ಸುಳ್ಳೇನಲ್ಲ. ಉಡುಪಿಯಿಂದ ಬಂದ ಅಪ್ಪ ವುಡ್‌ಬ್ರಿಡ್ಜಿನ ಹತ್ತಿರ ಹೆದ್ದಾರಿ ಬದಿಯ ಒಂದು ಮೋಟೆಲನ್ನು ಲೀಸಿಗೆ ಹಿಡಿದಿದ್ದ. ಅಪ್ಪ ಮುಂದಿನ ಮೇಜಿನ ಹಿಂದೆ ಟೈ ಕಟ್ಟಿ ಕೂರುತ್ತಿದ್ದ. ಅಮ್ಮ ಹಿಂದಿನಿಂದ ಕೋಣೆ ಕೋಣೆಗೂ ಹೋಗಿ ಹಾಸಿಗೆ ಬಟ್ಟೆ ಎಳೆದು, ಟಾಯ್ಲೆಟ್ ತಿಕ್ಕಿ, ಬೇಸ್‌ಮೆಂಟಿನಲ್ಲಿ ಮಷಿನ್ನು ತಿರುಗಿಸುತ್ತಿದ್ದಳು. ಉದ್ಯಮ ಹೌದು, ಕುಟುಂಬವೂ ಹೌದು. ಆ ಸಾಲನ್ನು ಆನ್ಯಾ ಇನ್ನಷ್ಟು ಉಜ್ಜಿ, 'ಆತಿಥ್ಯ ಪರಂಪರೆಯ ಮನೆತನದಲ್ಲಿ ಬೆಳೆದವರು' ಎಂದು ಅಚ್ಚು ಹಾಕಿಸಿದ್ದಳು. ಮನೆತನ! ರೈಲು ಬಂತು. ಕೂರಲು ಜಾಗ ಸಿಕ್ಕಿತು. ಕಿಟಕಿಯಾಚೆ ಜೌಗು ನೆಲ, ಒಣಹುಲ್ಲು, ಉಗ್ರಾಣಗಳ ಉದ್ದುದ್ದ ಗೋಡೆ. ಇದನ್ನೂ ಎರ್ಮೀನಿಯಾ ಸಂಜೆ ಹೊತ್ತಿಗೆ ಚಿತ್ರಿಸಿದರೆ ಯಾರಾದರೂ ಬಿಕ್ಕಿಬಿಕ್ಕಿ ಅಳುತ್ತಾರೆ.

ಅವಳ ಜೊತೆ ಮಾಡಿದ ಮೊದಲ ಸಿನಿಮಾ ನ್ಯೂಆರ್ಕಿನಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳುವ ಬ್ರೆಜಿಲ್ಲಿನ ಆಯಾಗಳದು. ಎರ್ಮೀನಿಯಾ ಒಬ್ಬೊಬ್ಬರನ್ನೂ ಕೂರಿಸಿ ಪ್ರಶ್ನೆ ಕೇಳಿದ್ದಳು, ಅವರು ಇಸ್ತ್ರಿ ಮಾಡಿದಂಥ ಉತ್ತರ ಕೊಟ್ಟಿದ್ದರು. ಎಡಿಟಿಂಗ್ ಕೋಣೆಯಲ್ಲಿ ಒಬ್ಬಳೇ ಕೂತು ನೋಡುತ್ತಿದ್ದ ಅಮಿತಾಳಿಗೆ ಒಂದು ಕಂಡಿತು. ಎರ್ಮೀನಿಯಾ 'ಒಬ್ರಿಗಾಡಾ', ಅಂದರೆ ಥ್ಯಾಂಕ್ಯೂ, ಎಂದ ಮೇಲೆ ಕ್ಯಾಮೆರಾದವನು ಕೆಲವೊಮ್ಮೆ ನಿಲ್ಲಿಸಲು ತಡಮಾಡುತ್ತಿದ್ದ. ಆ ತಡದಲ್ಲಿ ಆಯಾಗಳ ಭುಜ ಇಳಿಯುತ್ತಿತ್ತು, ನಿಟ್ಟುಸಿರು ಬರುತ್ತಿತ್ತು, ಒಬ್ಬಳು ಚಪ್ಪಲಿ ಹುಡುಕುತ್ತ, ನನ್ನ ಮಗನಿಗೆ ನನ್ನ ಮುಖ ಮರೆತಿದೆ ಎಂದುಬಿಟ್ಟಿದ್ದಳು. ಬಿಸಾಡಬೇಕಾದ ಆ ತುಂಡುಗಳನ್ನೇ ಅಮಿತಾ ಸಿನಿಮಾದ ಉದ್ದಕ್ಕೂ ಇಟ್ಟಳು. ಎರ್ಮೀನಿಯಾ ನೋಡಿದಳು. ಮುಖ ಬಿಳಿಚಿಕೊಂಡು ಎದ್ದು ಹೋದಳು. ಮರುದಿನ ಬಂದು, ಹೀಗೇ ಇರಲಿ ಎಂದಳು. ಅಲ್ಲಿಂದಾಚೆಗೆ ಥ್ಯಾಂಕ್ಯೂ ಎಂದ ಮೇಲೆ ಕ್ಯಾಮೆರಾ ನಿಲ್ಲಿಸಬಾರದು ಎಂಬುದು ಅವಳ ಕೆಲಸದ ಕ್ರಮವೇ ಆಯಿತು. ವಿಮರ್ಶಕರು ಅದಕ್ಕೆ 'ಬ್ರಾಗಾ ಮೌನ' ಎಂದು ನಾಮಕರಣ ಮಾಡಿದರು. ಅವಳ ಕೊನೆಯ ಪುಸ್ತಕದಲ್ಲಿ ಅದಕ್ಕೇ ಒಂದು ಅಧ್ಯಾಯ: ಬಾಲ್ಯದಲ್ಲಿ ನದಿಯ ದಂಡೆಯಲ್ಲಿ ಅಗಸಗಿತ್ತಿಯರು ಕೆಲಸ ಮುಗಿಸಿ ಸುಮ್ಮನೆ ಕೂರುತ್ತಿದ್ದರಂತೆ, ಅವರಿಂದ ಕಲಿತದ್ದಂತೆ. ಅದೇ ಅಧ್ಯಾಯದ ಕೊನೆಗೆ ಅಮಿತಾಳೂ ಬರುತ್ತಾಳೆ, ಹೆಸರಿಲ್ಲದೆ. 'ನನ್ನ ಎಡಿಟಿಂಗ್ ಕೋಣೆಯಲ್ಲಿ ಒಬ್ಬ ಮೌನಿ ಭಾರತೀಯಳಿದ್ದಾಳೆ. ಅವಳ ಕೈಗಳಿಗೆ ಸಾವಿರ ವರ್ಷದ ತಾಳ್ಮೆ.' ಕೈಗಳಿಗಂತೆ. ತಲೆ ಎಂಬುದೊಂದು ಇದ್ದದ್ದು ಅವಳ ಕಣ್ಣಿಗೆ ಬಿದ್ದೇ ಇಲ್ಲ.

ಅದೇ ಪುಸ್ತಕದಲ್ಲಿ ಎರ್ಮೀನಿಯಾಳ ಅಮ್ಮನೂ ಇದ್ದಾಳೆ. ಸಕ್ಕರೆ ಗಿರಣಿಯ ಊರಿನಲ್ಲಿ ಔಷಧದಂಗಡಿಯವನ ಹೆಂಡತಿ, ಬಿಳಿ ಲೇಸಿನ ಕುಪ್ಪಸ, ಸಂಜೆ ಊರ ಮಕ್ಕಳಿಗೆ ಪಿಯಾನೊ ಪಾಠ. ತೆರೆದ ಕಿಟಕಿಯಿಂದ ಕೇಳುವ ಆ ಪಿಯಾನೊ, ಆಚೆ ನದಿಯಲ್ಲಿ ಅಗಸಗಿತ್ತಿಯರ ಬಡಿತ, ಇವೆರಡರ ನಡುವೆ ನಿಂತ ಪುಟ್ಟ ಹುಡುಗಿ ತಾನು, ಅಲ್ಲಿಂದಲೇ ತನ್ನ ಕಲೆ ಹುಟ್ಟಿತು. ಆ ಪುಟಗಳನ್ನು ಓದಿ ಅತ್ತವರಲ್ಲಿ ಅಮಿತಾಳೂ ಒಬ್ಬಳು. ಈಗ ನೆನೆದರೆ ಆ ಅಳುವಿಗೇ ಅವಳು ಹೆಚ್ಚು ಸಿಟ್ಟಾಗುತ್ತಾಳೆ.

ಹೊಸದು ಮಾಡಲೆಂದು 'ಕಲ್ಲಿನ ಮೇಲಿನ ಬಟ್ಟೆ'ಯ ರೀಲಿನ ಡಬ್ಬಗಳು ಬಂದಾಗ ಒಂದರ ಕೊನೆಯಲ್ಲಿ ಸಿನಿಮಾಕ್ಕೆ ಬಳಸದ ಒಂದು ತುಂಡಿತ್ತು. ನದಿ, ಬಂಡೆ, ಅದರ ಮೇಲೆ ಸೀರಿಯಸ್ಸಾಗಿ ಕೂತ ದೋನಾ ಸೆವೆರೀನಾ. ಇಡೀ ಸಿನಿಮಾವನ್ನು ಹೊತ್ತು ನಿಂತ ಅಗಸಗಿತ್ತಿ, ಅವಳ ಮುಖ ಪೋಸ್ಟರಾಗಿ ಎಲ್ಲೆಲ್ಲಿಯ ಗೋಡೆಗಳನ್ನೋ ಏರಿತ್ತು. ಕ್ಯಾಮೆರಾದ ಹಿಂದಿನಿಂದ ಎಳೆಯ ಎರ್ಮೀನಿಯಾಳ ದನಿ, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯ 'ದೋನಾ' ಸೇರಿಸಿ, 'ಒಬ್ರಿಗಾಡಾ, ದೋನಾ ಸೆವೆರೀನಾ.' ಕ್ಯಾಮೆರಾದವನು ಅವತ್ತೂ ನಿಲ್ಲಿಸಲು ತಡಮಾಡಿದ್ದ. ಸೆವೆರೀನಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಬಿಸಿಲಿಗೆ ಕಣ್ಣು ಕಿರಿದಾಗಿಸಿ, 'ಸರಿಯಾಗಿ ಹೇಳಿದೆನಾ ಮಗಳೇ?' ಎಂದಳು. ಇದರಲ್ಲೇನು, ಆ ಊರಿನಲ್ಲಿ ಹಿರಿಯರು ಯಾರನ್ನು ಬೇಕಾದರೂ ಮಗಳೇ ಎನ್ನುತ್ತಾರೆ. ವರ್ಷಗಟ್ಟಲೆ ಕೇಳಿ ಕೇಳಿ ಪೋರ್ಚುಗೀಸ್ ಕಿವಿಗೆ ಹತ್ತಿದ್ದ ಅಮಿತಾಳಿಗೆ ಅಷ್ಟು ಗೊತ್ತಿತ್ತು. ಆಮೇಲೆ ಸೆವೆರೀನಾ ದನಿ ತಗ್ಗಿಸಿದಳು. 'ನಾನು ನಿನ್ನ ಅಮ್ಮ ಅಂತ ಯಾರಿಗೂ ಗೊತ್ತಾಗುವುದಿಲ್ಲ ತಾನೆ?' ಎಳೆಯ ದನಿ, 'ಇಲ್ಲಮ್ಮ. ಯಾರಿಗೂ ಗೊತ್ತಾಗುವುದಿಲ್ಲ,' ಎಂದಿತು. ಅಷ್ಟೇ. ಆಮೇಲೆ ಬಿಳಿ ಬೆಳಕು.

ಅವತ್ತು ಅಮಿತಾ ಆ ತುಂಡನ್ನು ಮತ್ತೆ ಮತ್ತೆ ಓಡಿಸಿ ನೋಡಿದಳು. ಪಿಯಾನೊ ಇಲ್ಲ, ಲೇಸಿಲ್ಲ, ಔಷಧದಂಗಡಿ ಇಲ್ಲ. ಸ್ವಂತ ತಾಯಿಯನ್ನು ಯಾರೋ ಅಗಸಗಿತ್ತಿ ಎಂದು ತೋರಿಸಿ ಹೆಸರು ಮಾಡಿದವಳು! ಮೊದಲು ಅಸಹ್ಯವಾಯಿತು. ಅಸಹ್ಯದ ಬೆನ್ನಿಗೇ ಒಂದು ಸಂತೋಷ. ಎಷ್ಟು ದಟ್ಟ ಸಂತೋಷವೆಂದರೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರಬೇಕಾಯಿತು. ಸತ್ಯ ಹೊರಬರಬೇಕು, ಅಷ್ಟೇ, ನನಗೆ ವೈಯಕ್ತಿಕವಾಗಿ ಏನೂ ಇಲ್ಲ ಎಂದು ಕನ್ನಡಿಗೆ ಹೇಳಿಕೊಂಡಳು. ಎರ್ಮೀನಿಯಾ ತನ್ನ ಹಳೆಯ ಸಿನಿಮಾಗಳನ್ನು ನೋಡುವುದಿಲ್ಲ. ನೋಡುವುದು ಬೇರೆಯವರ ಕೆಲಸ, ನಾನು ಮಾಡುವವಳು ಎಂದು ಸಂದರ್ಶನಗಳಲ್ಲಿ ಹೇಳುತ್ತಾಳೆ. ಒಳ್ಳೆಯದೇ ಆಯಿತು, ಉತ್ಸವದ ದಿನದವರೆಗೆ ಅವಳಿಗೆ ಇದು ಗೊತ್ತಾಗದು. ಸಬ್‌ಟೈಟಲ್ಲನ್ನು ಅಮಿತಾ ಒಂದು ಪದ ಆಚೀಚೆ ಆಗದ ಹಾಗೆ ಬರೆದಳು. ಅಷ್ಟು ಪ್ರಾಮಾಣಿಕವಾಗಿ ಅವಳು ಈವರೆಗೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಚಿತ್ರಮಂದಿರದ ಹಜಾರದಲ್ಲಿ ಎರ್ಮೀನಿಯಾ ನಡುವೆ ನಿಂತಿದ್ದಳು. ಕತ್ತರಿಸಿದ ಬಿಳಿ ಕೂದಲು, ಕೊರಳಲ್ಲಿ ಮರದ ದೊಡ್ಡ ಮಣಿಸರ, ಸುತ್ತ ಭಕ್ತಾದಿಗಳು. ಅಮಿತಾಳನ್ನು ಕಂಡು ಎರಡೂ ಕೆನ್ನೆಗೆ ಮುತ್ತಿಟ್ಟು, ಸುತ್ತಲಿನವರಿಗೆ, "ಇವಳೇ ನನ್ನ ಕೈಗಳು," ಎಂದಳು. ಎಲ್ಲರೂ ಅಮಿತಾಳ ಕೈಗಳನ್ನು ನೋಡಿದರು. ಅವಳು ಅವನ್ನು ಕೋಟಿನ ಜೇಬಿಗೆ ತುರುಕಿದಳು. ಯಾರೋ ಒಬ್ಬಾತ, ನಿಮ್ಮ ದೇಶದಲ್ಲೂ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಾರಲ್ಲ, ಆದ್ದರಿಂದ ನಿಮಗೆ ಈ ಸಿನಿಮಾ ಒಳಗಿನಿಂದ ಗೊತ್ತಾಗಿರಬೇಕು ಎಂದ. ಹೌದು ಎಂದು ನಕ್ಕಳು. ಆಮೇಲೆ ಯಾಕೆ ನಕ್ಕೆನೆಂದು ತನ್ನನ್ನೇ ಬೈದುಕೊಂಡಳು. ಮೋಟೆಲಿನ ಬೇಸ್‌ಮೆಂಟಿನಲ್ಲಿ ಕಲ್ಲಿರಲಿಲ್ಲ, ಮಷಿನ್ನಿತ್ತು. ಮಷಿನ್ನು ಕೆಟ್ಟ ದಿನ ಅಮ್ಮ ಬಾತ್‌ಟಬ್ಬಿಗೆ ಇಳಿದು ಹಾಸಿಗೆ ಬಟ್ಟೆಗಳನ್ನು ಕಾಲಿನಲ್ಲಿ ತುಳಿಯುತ್ತಿದ್ದಳು, ತುಳಿಯುತ್ತ ಜೋರಾಗಿ ಭಜನೆ ಹೇಳುತ್ತಿದ್ದಳು, ಪಕ್ಕದ ಕೋಣೆಯ ಗಿರಾಕಿ ಗೋಡೆಗೆ ಗುದ್ದುತ್ತಿದ್ದ. ಇಂಥದ್ದನ್ನೆಲ್ಲ ಇವನಿಗೆ ಹೇಳಿದರೆ ಕೂಡಲೇ ಕಣ್ಣು ಒದ್ದೆ ಮಾಡಿಕೊಳ್ಳುತ್ತಾನೆ, ಒಂದು ಸಿನಿಮಾ ಮಾಡಿ ಎನ್ನುತ್ತಾನೆ.

ದೀಪ ಆರುವ ಹೊತ್ತಿಗೆ ಅವಳು ತಿರುಗಿ ನೋಡಿದಳು. ಕೊನೆಯ ಸಾಲಿನ ತುದಿಯಲ್ಲಿ ನೇರಳೆ ರೇಷ್ಮೆಯ ಪಟ್ಟೆ ಸೀರೆ, ಅದರ ಮೇಲೆ ದಪ್ಪ ಜಾಕೆಟ್ಟು. ಬಂದೇ ಬಿಟ್ಟಿದ್ದಾಳೆ. ಹೇಳಿದ ಹಾಗೇ ಒಂದು ಬದಿಯಲ್ಲಿ ಕೂತಿದ್ದಾಳೆ. ಕೈ ಎತ್ತಲಿಲ್ಲ, ಕರೆಯಲಿಲ್ಲ, ತನ್ನನ್ನು ಕಂಡ ಗುರುತೂ ತೋರಿಸದೆ ಖಾಲಿ ಪರದೆಯನ್ನು ಗಂಭೀರವಾಗಿ ನೋಡುತ್ತಿದ್ದಾಳೆ. ಅಮಿತಾಳಿಗೆ ಹಾಯೆನಿಸಿತು.

ಸಿನಿಮಾ ಮುಗಿಯಿತು. ಟೈಟಲ್ಲು ಮೇಲೇರಿತು, ಕೋಟುಗಳ ಸದ್ದು ಶುರುವಾಯಿತು, ಅಷ್ಟರಲ್ಲಿ ಕಪ್ಪು ಪರದೆಯ ಮೇಲೆ ನದಿ ಮತ್ತೆ ಬಂತು. ಕೋಟಿನ ತೋಳಿಗೆ ಒಂದು ಕೈ ಹಾಕಿದವರು ಹಾಗೇ ನಿಂತರು. ಒಬ್ರಿಗಾಡಾ, ದೋನಾ ಸೆವೆರೀನಾ. ಸರಿಯಾಗಿ ಹೇಳಿದೆನಾ ಮಗಳೇ. ಅಮಿತಾ ಪರದೆಯನ್ನು ನೋಡಲಿಲ್ಲ, ಮುಂದಿನ ಸಾಲಿನಲ್ಲಿದ್ದ ಬಿಳಿ ತಲೆಯನ್ನೇ ನೋಡುತ್ತಿದ್ದಳು. ಅದು ಕದಲಲಿಲ್ಲ. ಅಮ್ಮ ಅಂತ ಯಾರಿಗೂ ಗೊತ್ತಾಗುವುದಿಲ್ಲ ತಾನೆ. ಇಲ್ಲಮ್ಮ. ದೀಪ ಹತ್ತಿತು. ಈಗ, ಎಂದುಕೊಂಡಳು ಅಮಿತಾ. ಈಗ ನೋಡೋಣ ನಿನ್ನ ಸಂಜೆಯ ಬಿಸಿಲನ್ನು.

ಎರ್ಮೀನಿಯಾ ವೇದಿಕೆ ಹತ್ತಿದಳು. ಮೈಕು ಹಿಡಿದು ಸುಮ್ಮನೆ ನಿಂತಳು. ಎಷ್ಟು ಹೊತ್ತು ಸುಮ್ಮನಿದ್ದರೆ ಜನರ ಎದೆ ಬಡಿದುಕೊಳ್ಳುತ್ತದೆ ಎಂಬುದು ಅವಳಿಗೆ ಕರತಲಾಮಲಕ. "ನೀವು ಈಗ ನನ್ನ ಅಮ್ಮನನ್ನು ನೋಡಿದಿರಿ," ಎಂದಳು. "ನನಗೆ ನಾಚಿಕೆಯಾಗುತ್ತಿತ್ತು. ಬೇರೆ ಕಾರಣ ಏನೂ ಇಲ್ಲ. ಆಯಾಗಳ ಸಿನಿಮಾದಲ್ಲಿ ಅಮಿತಾ ಥ್ಯಾಂಕ್ಯೂ ಆದ ಮೇಲಿನ ತುಂಡುಗಳನ್ನು ಇಟ್ಟಾಗ ನನಗೆ ಇದೇ ನೆನಪಾಯಿತು. ನನ್ನದೊಂದು ತುಂಡು ಡಬ್ಬದಲ್ಲಿ ಬಿದ್ದಿದೆಯಲ್ಲ ಎಂದು. ಅದನ್ನು ಮುಚ್ಚಿಟ್ಟ ದಿನದಿಂದ ಬೇರೆಯವರ ಅಮ್ಮಂದಿರನ್ನು ಚಿತ್ರಿಸುತ್ತಲೇ ಬಂದೆ. ಪುಸ್ತಕದಲ್ಲಿ ಪಿಯಾನೊ ಬರೆದೆ. ನನ್ನ ಅಮ್ಮ ಪಿಯಾನೊವನ್ನು ಮುಟ್ಟಿದ್ದು ಉಂಟು, ಧೂಳು ಒರೆಸುವಾಗ." ದನಿ ಒಡೆಯಿತು. ಅಳುತ್ತಿದ್ದಳು. ಅವಳ ಮುಖದ ಒಂದೊಂದು ಫ್ರೇಮೂ ಗೊತ್ತಿದ್ದ ಅಮಿತಾ, ಅಳು ಯಾವಾಗ ಶುರುವಾಯಿತು, ಅದು ತಾನಾಗಿ ಬಂದದ್ದೋ ಬರಿಸಿಕೊಂಡದ್ದೋ ಎಂದು ಹುಡುಕಿದಳು. ಸಿಗಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಯಾರೋ ಗಂಡಸು ಮೂಗು ಸೀಟಿದ. ಆ ಹೆಂಗಸಿನ ಮಾನ ಹೋಗಬೇಕಾದ ಜಾಗದಲ್ಲಿ ಮೆರವಣಿಗೆ ಹೊರಟಿತ್ತು. ಮೂವತ್ತು ವರ್ಷದ ಸುಳ್ಳನ್ನೂ ಅವಳ ಸಮಗ್ರ ಸಾಧನೆ ನುಂಗಿ ನೀರು ಕುಡಿಯಿತು.

"ಅಮಿತಾ ಎಲ್ಲಿ? ಬಾ," ಎಂದು ಎರ್ಮೀನಿಯಾ ಕೈಚಾಚಿದಳು. ಮೊದಲ ಸಲ, ತುಂಬಿದ ಹಾಲಿನ ಎದುರು, ಮೈಕಿನಲ್ಲಿ, ಅವಳ ಪೂರ್ತಿ ಹೆಸರು. ಈ ಕ್ರಮ ಕಂಡುಹಿಡಿದವಳು ಇವಳು, ನಾನಲ್ಲ ಎಂಬ ಮಾತು. ಇಷ್ಟು ವರ್ಷ ಬೇಕೆಂದು ಹಂಬಲಿಸಿದ್ದೆಲ್ಲ ಒಟ್ಟಿಗೆ ಬಂತು, ದ್ರೋಹ ಮಾಡಿದ ದಿನ. ವೇದಿಕೆಯ ಮೇಲೆ ಅಪ್ಪಿಕೊಂಡಾಗ ಎರ್ಮೀನಿಯಾಳ ಉಗುರು ಅವಳ ತೋಳಿಗೆ ಕಚ್ಚಿತು. ಕಿವಿಯ ಹತ್ತಿರ ಪೋರ್ಚುಗೀಸಿನಲ್ಲಿ, "ಕೇಳಬಹುದಿತ್ತು. ಕೇಳಿದ್ದರೆ ನಾನೇ ಕೊಡುತ್ತಿದ್ದೆ," ಎಂದಳು. ಬಿಟ್ಟಾಗ ಇಬ್ಬರೂ ನಗುತ್ತಿದ್ದರು. ಕೊಡುತ್ತಿದ್ದಳೇ? ಸುಳ್ಳು. ಇರಲಿಕ್ಕಿಲ್ಲ. ಅಮಿತಾಳ ಒಳಗಿನ ತಿರಸ್ಕಾರಕ್ಕೆ ಈಗ ನಿಲ್ಲಲು ಜಾಗವಿಲ್ಲದೆ ಅದು ಅಲ್ಲಲ್ಲೇ ತಡಕಾಡಿತು. ಚಪ್ಪಾಳೆ ಮಾತ್ರ ಹಿತವಾಗಿತ್ತು, ಎಷ್ಟು ಹಿತವಾಗಿತ್ತೆಂದರೆ ನಿಲ್ಲದಿರಲಿ ಎನಿಸುತ್ತಿತ್ತು. ಹಾಗೆನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಇನ್ನೊಂದು ಸಲ ತಲೆಬಾಗಿದಳು.

ಹಜಾರದಲ್ಲಿ ಈಗ ಅವಳ ಸುತ್ತಲೂ ಒಂದು ಗುಂಪು. ಆನ್ಯಾ ಅವಳ ತೋಳು ಹಿಡಿದುಕೊಂಡು ಒಬ್ಬೊಬ್ಬರಿಗೂ ಪರಿಚಯ ಮಾಡಿಸುತ್ತಿದ್ದಳು. ಎಂಥ ಧೈರ್ಯ ಎಂದರು ಒಬ್ಬರು. ಹೆಸರಾಂತ ಪತ್ರಿಕೆಯವನೊಬ್ಬ, ನೀವೇ ಒಂದು ಸಿನಿಮಾ ನಿರ್ದೇಶಿಸಬೇಕು, ನಿಮ್ಮ ಮನೆತನದ ಬಗ್ಗೆ, ಆ ಆತಿಥ್ಯ ಪರಂಪರೆಯ ಬಗ್ಗೆ ಎಂದು ಕಾರ್ಡು ಕೊಟ್ಟ. ಯೋಚಿಸುತ್ತಿದ್ದೇನೆ ಎಂದಳು ಅಮಿತಾ, ಆ ಕ್ಷಣದವರೆಗೆ ಯೋಚಿಸಿಯೇ ಇರದಿದ್ದರೂ. ಹಾಗೆನ್ನುತ್ತಲೇ ಅವನ ಭುಜದಾಚೆ ಅವಳ ಕಣ್ಣು ಹೋಯಿತು. ಕೋಟು ತೂಗುಹಾಕುವ ಕಡೆ ಸರೋಜಿನಿ ನಿಂತಿದ್ದಳು. ಪಟ್ಟೆ ಸೀರೆಯ ಕೆಳಗೆ ಬಿಳಿ ಸ್ನೀಕರ್ಸ್, ಕೈಯಲ್ಲಿ ಹಿಕ್ಸ್‌ವಿಲ್ಲಿನ ಅಂಗಡಿಯ ಹೆಸರು ಹೊತ್ತ ಪ್ಲಾಸ್ಟಿಕ್ ಚೀಲ. ಗುಂಪು ತೆಳುವಾಗಲೆಂದು ಕಾಯುತ್ತಿದ್ದವಳು, ತೆಳುವಾಗದ್ದು ಕಂಡು ನಿಧಾನ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು, ಆದರೆ ಮುಖ, ಬೇರೆಯವರು ನೋಡಿದರೆ ತಾಯಿಯೆಂದು ತಿಳಿದುಬಿಡುವ ಹಾಗೆ ಅರಳಿತ್ತು.

ಆನ್ಯಾ ಮೊದಲು ನೋಡಿದಳು. "ಹಾಯ್ ಆಂಟೀ! ಎಷ್ಟು ಚಂದದ ಸೀರೆ!" ಎಂದು ಇಂಗ್ಲಿಷಿನಲ್ಲಿ ಸಣ್ಣಗೆ ಕಿರುಚಿ, ಅಮಿತಾಳ ಕಡೆ ತಿರುಗಿ, "ಇವರು ನಿಮ್ಮ ಮಾಮ್?" ಎಂದಳು. ಪತ್ರಿಕೆಯವನು ತಿರುಗಿದ. ಎರ್ಮೀನಿಯಾಳನ್ನು ಬಿಟ್ಟು ಬಂದಿದ್ದ ಇನ್ನಿಬ್ಬರೂ ತಿರುಗಿದರು.

"ನೋ, ನೋ," ಎಂದಿತು ಅಮಿತಾಳ ಬಾಯಿ. "ಆಂಟಿ. ಹಿಕ್ಸ್‌ವಿಲ್ಲಿನವರು. ಫ್ಯಾಮಿಲಿ ಫ್ರೆಂಡ್."

ಕಾರಣಗಳು ಆಮೇಲೆ ಬಂದವು, ಗಡಿಬಿಡಿಯಲ್ಲಿ, ಒಂದರ ಮೇಲೊಂದು ಬಿದ್ದು. ಅಮ್ಮ ಎಂದರೆ ಈ ಜನ ಈಗಲೇ ಮುತ್ತಿಕೊಳ್ಳುತ್ತಾರೆ. ಸ್ನೀಕರ್ಸನ್ನೂ ಚೀಲವನ್ನೂ ಕಣ್ಣರಳಿಸಿ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಮೋಟೆಲು, ಟಾಯ್ಲೆಟ್ಟು, ಎಲ್ಲ ಹೊರಬರುತ್ತದೆ. ನಾನು ಎರ್ಮೀನಿಯಾ ಅಲ್ಲ, ಅಮ್ಮನನ್ನು ಪ್ರದರ್ಶನಕ್ಕೆ ಇಡುವವಳಲ್ಲ, ನಾನು ಅವಳನ್ನು ಕಾಪಾಡಿದೆ. ಒಳ್ಳೆಯ ಕಾರಣಗಳು. ಆದರೆ ಮಾತು ಅವಕ್ಕಿಂತ ಮೊದಲು ಹೊರಟಿತ್ತು. ಎಷ್ಟೋ ಜನರ ಮುಖದಲ್ಲಿ ಮಾತು ನಾಟುವ ಗಳಿಗೆಯನ್ನು ಹುಡುಕಿ ಹುಡುಕಿ ಕತ್ತರಿಸಿದ್ದ ಅಮಿತಾಳಿಗೆ ಈ ಮುಖವನ್ನು ನೋಡಲು ಧೈರ್ಯ ಬರಲಿಲ್ಲ. ಸೀರೆಯ ಅಂಚನ್ನು ನೋಡಿದಳು.

"ಯೆಸ್, ಯೆಸ್," ಎಂದಳು ಸರೋಜಿನಿ. ಬೀದಿಯಾಚೆ ಕೇಳುವ ದನಿಯಲ್ಲ. ಅವಳಲ್ಲಿ ಹೀಗೊಂದು ಸಣ್ಣ ದನಿ ಇದ್ದದ್ದೇ ಅಮಿತಾಳಿಗೆ ಗೊತ್ತಿರಲಿಲ್ಲ. "ಫ್ಯಾಮಿಲಿ ಫ್ರೆಂಡ್. ಫ್ರಮ್ ಸ್ಮಾಲ್ ಐ ನೋ ಹರ್. ವೆರಿ ಗುಡ್ ಗರ್ಲ್." ಆನ್ಯಾಳಿಗೆ ನಕ್ಕು, ಚೀಲವನ್ನು ಅವಳ ಕೈಗೇ ಕೊಟ್ಟಳು. "ಚಕ್ಕುಲಿ. ಯು ಆಲ್ ಈಟ್." ಜಾಕೆಟ್ಟಿನ ಜಿಪ್ಪನ್ನು ಕೊರಳವರೆಗೆ ಎಳೆದುಕೊಂಡಳು. ನೇರಳೆ ಬಣ್ಣ ಅದರೊಳಗೆ ಅಡಗಿತು. ಆಮೇಲೆ ಅಮಿತಾಳ ಕಡೆ ತಿರುಗಿ, ಹೊರಗಿನವರ ಮನೆಗೆ ಹೋದಾಗ ಬಳಸುವ ಮರ್ಯಾದೆಯಲ್ಲಿ, ಕನ್ನಡದಲ್ಲಿ ಹೇಳಿದಳು.

"ನಾನು ಹೊರಡ್ತೇನೆ ಆಯ್ತಾ, ಟ್ರೈನಿಗೆ ಹೊತ್ತಾಯ್ತು. ನಿಮ್ಮ ತಾಯಿ ಸಿಕ್ಕಿದ್ರೆ ಹೇಳ್ತೇನೆ, ಮಗಳು ಒಳ್ಳೆ ಹೆಸರು ಮಾಡಿದ್ದಾಳೆ ಅಂತ. ಅವರಿಗೆ ಖುಷಿ ಆದೀತು."

ಹೇಳಿ ಅವಳು ನಿಲ್ಲಲಿಲ್ಲ. ಗಾಜಿನ ಬಾಗಿಲಿನ ಹತ್ತಿರ ಒಳಬರುತ್ತಿದ್ದವರಿಗೆ ದಾರಿಬಿಟ್ಟು ಬದಿಗೆ ಸರಿದು, ಅವರೆಲ್ಲ ಬಂದಾದ ಮೇಲೆ ಹೊರಗೆ ಹೋದಳು. ಅಮಿತಾಳ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು. ಪತ್ರಿಕೆಯವನು ಇನ್ನೂ ಕಾಯುತ್ತಿದ್ದ, ಅವನ ಕಾರ್ಡು ಇನ್ನೂ ಅವಳ ಕೈಯಲ್ಲಿತ್ತು.

"ಎಷ್ಟು ಮುದ್ದಾಗಿದ್ದಾರೆ," ಎಂದಳು ಆನ್ಯಾ, ಚಕ್ಕುಲಿ ಮುರಿಯುತ್ತ. "ಆಂಟಿ ಏನಂದರು?"

"ಸಿನಿಮಾ ತುಂಬ ಇಷ್ಟ ಆಯಿತಂತೆ," ಎಂದು ಅಮಿತಾ ಇಂಗ್ಲಿಷಿನಲ್ಲಿ ಹೇಳಿದಳು.